ಹೆಸರಿಲ್ಲದ ನಾಲ್ಕು ಗಂಟೆ

ದಿನಕ್ಕೆ ಸರಾಸರಿ ನಾಲ್ಕು ಗಂಟೆ ಹನ್ನೆರಡು ನಿಮಿಷ ತನ್ನ ಮನಸ್ಸು ಒಂದೇ ವಿಷಯದಲ್ಲಿ ಮುಳುಗಿರುತ್ತದೆ, ಆದರೆ ಆ ವಿಷಯ ಯಾವುದೆಂದು ತನಗೇ ಗೊತ್ತಿಲ್ಲ ಎಂಬ ಸಂಗತಿ ಅಂದಾನೆಪ್ಪ ಸೊರಟೂರನಿಗೆ ತಿಳಿದದ್ದು ಅವನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಜುಲೈ ತಿಂಗಳ ಒಂದು ಬುಧವಾರ, ಧಾರವಾಡದ ಒಂದು ಪ್ರಯೋಗಾಲಯದಲ್ಲಿ.

ಅಂದಾನೆಪ್ಪ ಗದಗಿನವನು. ಕಪ್ಪತಗುಡ್ಡದ ಅಂಚಿಗೆ ಸಾಲಾಗಿ ನಿಂತ ಇನ್ನೂರ ಹನ್ನೆರಡು ಗಾಳಿಯಂತ್ರಗಳ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಮುಖ್ಯಸ್ಥ. ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕೂತು ಯಾವ ಯಂತ್ರ ತಿರುಗುತ್ತಿದೆ, ಯಾವುದು ನಿಂತಿದೆ, ಯಾವುದರ ಮೇಲೆ ಕೆಲಸಗಾರರು ಹತ್ತಿದ್ದಾರೆ ಎಂದು ನೋಡುತ್ತಿರುವುದು, ಬಿರುಗಾಳಿಯ ಎಚ್ಚರಿಕೆ ಬಂದರೆ ಮೇಲಿದ್ದವರನ್ನು ವೈರ್‌ಲೆಸ್ಸಿನಲ್ಲಿ ಕರೆದು ಕೆಳಗಿಳಿಸುವುದು ಅವನ ಕೆಲಸ. ಇಂಥ ಕೆಲಸದಲ್ಲಿ ಕೂತವರ ಮನಸ್ಸು ಯಾವಾಗ ದಣಿಯುತ್ತದೆ, ಯಾವಾಗ ಬೇರೆಡೆ ಹೋಗುತ್ತದೆ ಎಂದು ತಿಳಿಯಲು ಪ್ರಯೋಗಾಲಯದವರು ಕಂಪನಿಯ ಒಪ್ಪಿಗೆ ಪಡೆದು ಹನ್ನೊಂದು ಜನರಿಗೆ ಒಂದು ಸಾಧನ ತೊಡಿಸಿದ್ದರು. ಅದರ ಹೆಸರು ಮನೋಲೇಖಿ. ಕೊಠಡಿಯಲ್ಲಿ ಎಲ್ಲರೂ ಅದನ್ನು ಕಿವಿಪಟ್ಟಿ ಎನ್ನುತ್ತಿದ್ದರು, ಏಕೆಂದರೆ ಅದು ಎರಡು ಕಿವಿಗಳ ಹಿಂದೆ ಅಂಟಿಕೊಂಡು ತಲೆಯ ಹಿಂಭಾಗವನ್ನು ಸುತ್ತುವ ಬೆರಳಗಲದ ಪಟ್ಟಿಯಾಗಿತ್ತು.

“ನಿಮ್ಮ ವಿಚಾರ ಏನಂತ ಇದಕ್ಕ ತಿಳಿಯೂದಿಲ್ಲ. ಹೆದರಬ್ಯಾಡ್ರಿ,” ಎಂದು ಮೊದಲ ದಿನವೇ ಡಾಕ್ಟರ್ ಪ್ರಮೋದಿನಿ ಹಂಚಿನಾಳ ಹೇಳಿದ್ದಳು. ಮನೋಲೇಖಿಯನ್ನು ಕಟ್ಟಿದವಳು ಅವಳೇ. ನಲವತ್ತರ ಆಸುಪಾಸಿನ, ಸದಾ ಅವಸರದಲ್ಲಿರುವಂತೆ ಮಾತಾಡುವ ಹೆಂಗಸು. “ನೀವು ಮಗಳನ್ನ ನೆನಸಿದಾಗ ಮಿದುಳಿನಾಗ ಒಂದು ಗುರುತು ಮೂಡ್ತದ. ಹೊಲಾ ನೆನಸಿದಾಗ ಬ್ಯಾರೆ ಗುರುತು. ಮೊದಲ ನೀವು ಒಂದೊಂದ ಹೆಸರು ಹೇಳಿ ನಮಗ ಆ ಗುರುತು ಕಲಿಸಿಕೊಡ್ತೀರಿ. ಆಮ್ಯಾಲೆ ದಿನಾ ಯಾವ ಗುರುತು ಎಷ್ಟ ಹೊತ್ತು ಇತ್ತು ಅನ್ನೂದಷ್ಟ ಇದು ಬರಕೋತದ.”

ಅಂದಾನೆಪ್ಪ ಮೂರು ದಿನ ಕೂತು ಅರವತ್ತೆಂಟು ಹೆಸರು ಕಲಿಸಿಕೊಟ್ಟಿದ್ದ. ಹೆಂಡತಿ ಕಸ್ತೂರಿ, ಬೆಳಗಾವಿಯಲ್ಲಿ ನರ್ಸಿಂಗ್ ಓದುವ ಮಗಳು ಸುಮೇಧಾ, ತೀರಿಹೋದ ಅಪ್ಪ, ಕೆಲಸ, ಬಡ್ತಿ, ಮೊಣಕಾಲು ನೋವು, ಮುಳಗುಂದ ನಾಕಾದ ಹತ್ತಿರ ಕಟ್ಟುತ್ತಿದ್ದ ಮನೆಯ ಮೇಲಂತಸ್ತು, ಹೀಗೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಮಗಳ ಹೆಸರೇ ಬರುತ್ತದೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದದ್ದೂ ಅದೇ, ನಾನು ಬದುಕಿರೂದ ಆ ಹುಡುಗಿ ಸಲುವಾಗಿ.

ಮೂವತ್ತು ದಿನಗಳ ಲೆಕ್ಕ ಪರದೆಯ ಮೇಲೆ ಬಂದಾಗ ಮಗಳಿಗೆ ದಿನಕ್ಕೆ ಇಪ್ಪತ್ತೆರಡು ನಿಮಿಷ ಇತ್ತು. ಹೆಂಡತಿಗೆ ಹದಿನೇಳು. ಕೆಲಸಕ್ಕೆ ಮೂರು ಗಂಟೆ ಚಿಲ್ಲರೆ. ಇವೆಲ್ಲಕ್ಕಿಂತ ಎತ್ತರವಾಗಿ ಒಂದು ಬೂದು ಬಣ್ಣದ ಕಂಬ ನಿಂತಿತ್ತು. ಅದರ ಕೆಳಗೆ ‘ಹೆಸರಿಲ್ಲದ್ದು’ ಎಂದು ಬರೆದಿತ್ತು.

“ಇದೇನ್ರಿ ಮೇಡಂ?”

“ನೀವ ಹೇಳಬೇಕು,” ಎಂದಳು ಪ್ರಮೋದಿನಿ. “ಎಲ್ಲಾರಿಗೂ ಹೆಸರಿಲ್ಲದ್ದು ಒಂದಿಷ್ಟು ಇರ್ತದ. ಹತ್ತು ನಿಮಿಷ, ಅರ್ಧಾ ತಾಸು. ಅವು ಚೂರುಚೂರು. ನಿಮ್ಮದು ಹಂಗಲ್ಲ. ಒಂದ ಗುರುತು, ದಿನಾ ಅದ ಬರತದ. ನೀವು ಕಲಿಸಿಕೊಟ್ಟ ಯಾವ ಹೆಸರಿಗೂ ಅದು ಹೊಂದೂದಿಲ್ಲ.”

ಗದಗಿಗೆ ವಾಪಸು ಬರುವ ಬಸ್ಸಿನಲ್ಲಿ ಅಂದಾನೆಪ್ಪ ಕಿಟಕಿಯ ಪಕ್ಕ ಕೂತು ತಾನು ಈಗ ಏನು ಯೋಚಿಸುತ್ತಿದ್ದೇನೆ ಎಂದು ಹಿಡಿಯಲು ನೋಡಿದ. ಹಿಡಿಯಹೋದ ಕೂಡಲೇ ಅದು ಹಿಡಿಯುವ ಯೋಚನೆಯೇ ಆಗುತ್ತಿತ್ತು. ಅಣ್ಣಿಗೇರಿ ದಾಟುವ ಹೊತ್ತಿಗೆ ಅವನಿಗೆ ಕೂತಲ್ಲಿ ಕೂರಲು ಆಗದಂತಾಯಿತು.

*

ಕಿವಿಪಟ್ಟಿ ಬಂದ ಮೇಲೆ ನಿಯಂತ್ರಣ ಕೊಠಡಿಯ ಗಾಳಿಯೇ ಬದಲಾಗಿತ್ತು. ಪಕ್ಕದ ಮೇಜಿನ ಜಂಬಣ್ಣನಿಗೆ ದಿನಕ್ಕೆ ಒಂದೂಕಾಲು ಗಂಟೆ ತನ್ನ ನಾಯಿಯ ಯೋಚನೆಯೇ ಇರುತ್ತದೆ ಎಂದು ಗೊತ್ತಾಗಿ ಎಲ್ಲರೂ ನಕ್ಕರು. ಜಂಬಣ್ಣನೂ ನಕ್ಕ. ಆದರೆ ಆ ಲೆಕ್ಕದ ಕಾಗದ ಅವನ ಹೆಂಡತಿಯ ಕೈಗೆ ಸಿಕ್ಕಿತು. ಅದರಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ನಿಮಿಷ ಇತ್ತು. ಆಕೆ ಜಗಳವಾಡಲಿಲ್ಲ, ಮರುದಿನದಿಂದ ಅವನ ಊಟದ ಡಬ್ಬಿ ಕಟ್ಟುವುದನ್ನು ನಿಲ್ಲಿಸಿದಳು. ಎರಡನೇ ಪಾಳಿಯ ಒಬ್ಬಾಕೆ ಪ್ರತಿ ಭಾನುವಾರ ರೋಣಕ್ಕೆ ಹೋಗಿ ಅಮ್ಮನನ್ನು ನೋಡಿ ಬರುತ್ತಿದ್ದಳು. ಅವಳ ಲೆಕ್ಕದಲ್ಲಿ ಅಮ್ಮನ ಹೆಸರಿಗೆ ಸೊನ್ನೆ ಬಂದಿತ್ತು, ಅಮ್ಮನ ಎದುರು ಕೂತಿದ್ದ ಹೊತ್ತಿನಲ್ಲಿ ಕೂಡ. ಅವಳು ಪಟ್ಟಿಯನ್ನು ಕಳಚಿಟ್ಟು ಪ್ರಯೋಗದಿಂದ ಹೊರಬಂದಳು. ಆದರೆ ತಿಳಿದದ್ದು ತಿಳಿದೇ ಇತ್ತು.

ಅಂದಾನೆಪ್ಪನಿಗೆ ಇವರನ್ನೆಲ್ಲ ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ಸರಿಯೋ ತಪ್ಪೋ ಅವರಿಗೆ ಸಿಕ್ಕಿದ್ದಕ್ಕೆ ಒಂದು ಹೆಸರಿತ್ತು.

ಅವನು ಹುಡುಕತೊಡಗಿದ. ರಜೆ ಹಾಕಿ ತಾನು ಓದಿದ ಹುಬ್ಬಳ್ಳಿಯ ಹಾಸ್ಟೆಲ್ಲಿನ ಮುಂದೆ ಹೋಗಿ ನಿಂತ. ಹುಡುಗನಾಗಿದ್ದಾಗ ಈಜು ಕಲಿತ ಬಾವಿಯ ಕಟ್ಟೆಯ ಮೇಲೆ ಕೂತ. ಕಾಲೇಜಿನಲ್ಲಿ ಜೊತೆಗಿದ್ದ ಒಬ್ಬಳ ಹೆಸರನ್ನು ಇಪ್ಪತ್ತೈದು ವರ್ಷದ ನಂತರ ಬಾಯಿಬಿಟ್ಟು ಹೇಳಿ ನೋಡಿದ. ಅಪ್ಪ ತೀರಿಕೊಂಡ ಆಸ್ಪತ್ರೆಯ ವಾಸನೆ, ಮಾರಿಬಿಟ್ಟ ಮೊದಲ ಮೋಟಾರ್ ಸೈಕಲ್ಲು, ಆಗದೆ ಹೋದ ಸೈನ್ಯದ ಕೆಲಸ. ಪ್ರತಿ ಬುಧವಾರ ಧಾರವಾಡಕ್ಕೆ ಹೋಗಿ ಹೊಸ ಹೆಸರುಗಳನ್ನು ಕಲಿಸಿಕೊಡುತ್ತಿದ್ದ. ಪ್ರಮೋದಿನಿ ಹೋಲಿಸಿ ನೋಡಿ ತಲೆಯಾಡಿಸುತ್ತಿದ್ದಳು. ಬೂದು ಕಂಬ ಅಲ್ಲಾಡಲಿಲ್ಲ.

ನಾಲ್ಕನೆಯ ಬುಧವಾರ ಅವನೇ ಅಂಜುತ್ತ ಹೇಳಿದ, “ಹನ್ನೊಂದ ವರ್ಷದ ಹಿಂದ ನಮ್ಮಲ್ಲಿ ಒಂದು ಅಪಘಾತ ಆಗಿತ್ತ್ರಿ. ನಾ ಆಗ ಪಾಳಿ ಮ್ಯಾಲಿದ್ದೆ. ಅದು ಇರಬಹುದೇನು?”

ದಾವಲಸಾಬ ನದಾಫ ಎಂಬ ಕೆಲಸಗಾರ ಎಂಬತ್ತೇಳನೆಯ ಗಾಳಿಯಂತ್ರದ ಕಂಬದ ಮೇಲೆ ಹಗ್ಗ ಕಟ್ಟಿಕೊಂಡು ರೆಕ್ಕೆಯ ಬಿರುಕು ಮುಚ್ಚುತ್ತಿದ್ದಾಗ ಬಿರುಗಾಳಿ ಎದ್ದು ಅವನನ್ನು ಕಂಬಕ್ಕೆ ಅಪ್ಪಳಿಸಿತ್ತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ವಿಚಾರಣೆ ನಡೆಯಿತು. ಎಚ್ಚರಿಕೆ ಬಂದದ್ದು ಮೂರು ಗಂಟೆ ಒಂಬತ್ತು ನಿಮಿಷಕ್ಕೆ, ಕೊಠಡಿಯಿಂದ ಕರೆ ಹೋದದ್ದು ಮೂರು ಹತ್ತಕ್ಕೆ, ‘ಇಳೀತೀನ್ರಿ’ ಎಂದು ದಾವಲಸಾಬ ಒಪ್ಪಿಕೊಂಡದ್ದೂ ಆಗಲೇ, ಗಾಳಿ ಎದ್ದದ್ದು ಮೂರು ಹತ್ತೊಂಬತ್ತಕ್ಕೆ. ಒಂಬತ್ತು ನಿಮಿಷ ಸಮಯವಿದ್ದರೂ ಅವನು ಇಳಿಯಲಿಲ್ಲ ಎಂದು ವರದಿ ಬಂತು. ಅಂದಾನೆಪ್ಪನನ್ನು ಯಾರೂ ತಪ್ಪಿತಸ್ಥ ಎನ್ನಲಿಲ್ಲ.

ಪ್ರಮೋದಿನಿ ಅಪಘಾತದ ಚಿತ್ರಗಳನ್ನು ತರಿಸಿದಳು. ತಿರುಚಿದ ಹಗ್ಗ, ಕಂಬದ ಬುಡದಲ್ಲಿ ನಿಂತ ಆಂಬುಲೆನ್ಸು, ದಾವಲಸಾಬನ ಭಾವಚಿತ್ರ. ಅಂದಾನೆಪ್ಪ ಒಂದೊಂದನ್ನೂ ಕಣ್ಣು ಕೀಳದೆ ನೋಡಿದ. ಆದರೆ ಪರದೆಯ ಮೇಲೆ ಮೂಡಿದ ಗುರುತು ಬೇರೆಯೇ ಆಗಿತ್ತು.

“ಇದಲ್ಲ,” ಎಂದಳು ಅವಳು.

ಅವತ್ತು ಅಂದಾನೆಪ್ಪ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

*

ಕಸ್ತೂರಿ ಸರಕಾರಿ ಶಾಲೆಯ ಶಿಕ್ಷಕಿ. ಮಕ್ಕಳ ಮುಖ ನೋಡಿಯೇ ಯಾರು ಮನೆಪಾಠ ಮಾಡಿಲ್ಲವೆಂದು ಹೇಳಬಲ್ಲವಳು. ಗಂಡ ಒಂದು ತಿಂಗಳಿಂದ ಊಟದ ನಡುವೆ ಎದ್ದು ಹೋಗುವುದನ್ನು, ಹಳೆಯ ಫೋಟೋಗಳನ್ನು ಹರವಿಕೊಂಡು ಕೂರುವುದನ್ನು ಅವಳು ನೋಡುತ್ತಿದ್ದಳು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಕೈಚೀಲ ಕೆಳಗಿಟ್ಟು ನೇರವಾಗಿ ಕೇಳಿದಳು.

“ಯಾರರೆ ಹೆಂಗಸದಾಳೇನು?”

“ಇಲ್ಲ. ಅದನ್ನೂ ಹಚ್ಚಿ ನೋಡಿದ್ವಿ. ಅದೂ ಅಲ್ಲ.”

ಹಚ್ಚಿ ನೋಡಿದ್ದು ಯಾರನ್ನು ಎಂದು ಅವಳು ಕೇಳಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಬೂದು ಕಂಬ, ನಾಲ್ಕು ಗಂಟೆ ಹನ್ನೆರಡು ನಿಮಿಷ, ಹಾಸ್ಟೆಲ್ಲು, ಬಾವಿ. ಹೇಳುತ್ತ ಹೇಳುತ್ತ ಧ್ವನಿ ಏರಿತು. “ಐವತ್ತು ವರ್ಷ ಆಗಾಕ ಬಂತು. ನನ್ನ ತಲಿಯೊಳಗ ದಿನಾ ನಾಕ ತಾಸು ಯಾವನೋ ಕುಂತಾನ. ಅಂವ ಯಾರಂತ ನನಗ ಗೊತ್ತಿಲ್ಲ. ಹಿಂಗಾದ್ರ ನಾ ಬದುಕಿದ್ದು ಯಾತಕ್ಕ ಅಂತ ಹೇಳ್ಲಿ?”

ಕಸ್ತೂರಿ ಅವನ ಎದುರಿಗೆ ಕೂತಳು.

“ನಾಕ ತಾಸು ಅಂದ್ರಿ. ಬೆಳಿಗ್ಗೆ ಜಳಕಾ ಮಾಡುವಾಗ ಅದು ಬರ್ತೈತೇನು?”

“ಹೂಂ. ಅವಾಗ ಭಾಳ.”

“ಗಾಡಿ ಹೊಡಿಯುವಾಗ? ಗಡ್ಡಾ ಕೆರಕೊಳ್ಳುವಾಗ?”

“ಹೌದು. ನಿನಗ ಹೆಂಗ ಗೊತ್ತು?”

“ತುಟಿ ಅಲ್ಲಾಡಿಸ್ತೀರಿ,” ಎಂದಳು ಕಸ್ತೂರಿ. “ಮೊದಲೆಲ್ಲಾ ಇರಲಿಲ್ಲ. ಈ ಮನೀಗೆ ಬಂದ ಮ್ಯಾಲೆ ಸುರು ಆತು, ಹತ್ತ ಹನ್ನೊಂದ ವರ್ಷ ಆತು. ಕೈ ಹಿಂಗ ಮಾಡ್ತೀರಿ, ಹುಬ್ಬ ಏರಸ್ತೀರಿ. ನಮ್ಮ ಸಾಲ್ಯಾಗ ತಡಾ ಮಾಡಿ ಬಂದ ಹುಡುಗೂರು ಬಾಗಲದಾಗ ನಿಂತು ಹಂಗ ಮಾಡ್ತಾವು, ನಾ ಇನ್ನೂ ಏನೂ ಕೇಳಿರೂದಿಲ್ಲ. ನೀವು ಏನನ್ನೂ ನೆನಸಾಕತ್ತಿಲ್ಲ. ಯಾರಿಗೋ ಉತ್ತರಾ ಕೊಡಾಕತ್ತೀರಿ.”

“ಇಷ್ಟ ವರ್ಷ ಯಾಕ ಹೇಳ್ಲಿಲ್ಲ?”

“ನನಗ ಕೊಡಾಕತ್ತೀರಿ ಅಂತ ತಿಳಕೊಂಡಿದ್ದೆ.”

*

ಪ್ರಮೋದಿನಿ ಈ ಮಾತನ್ನು ಕೇಳಿ ತನ್ನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಕೋಣೆಯಲ್ಲಿ ಎರಡು ಸಲ ಆಚೆ ಈಚೆ ಓಡಾಡಿದಳು.

“ನಾ ವಸ್ತು ಹುಡುಕ್ಲಿಕ್ಕೆ ಹತ್ತಿದ್ದೆ. ಮಂದಿ, ಊರು, ಘಟನಾ. ಇದು ವಸ್ತು ಅಲ್ಲ, ಇದು ಕೆಲಸ. ಉತ್ತರಾ ಕಟ್ಟೂ ಕೆಲಸ.” ಅವಳು ಪಟ್ಟಿಯನ್ನು ಅವನ ತಲೆಗೆ ತೊಡಿಸಿ ಪರದೆಯನ್ನು ಅವನಿಗೂ ಕಾಣುವಂತೆ ತಿರುಗಿಸಿದಳು. “ನಾ ಕೇಳ್ತೀನಿ. ನೀವು ಹೇಳ್ರಿ. ಅಷ್ಟ.”

ನಿನ್ನೆ ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳಿದಳು. ಪರದೆಯಲ್ಲಿ ಆ ಗುರುತನ್ನು ತೋರುವ ಬೂದು ಗೆರೆ ಕೆಳಗೇ ಇತ್ತು. ಇವತ್ತು ಬರುವುದು ಯಾಕೆ ತಡವಾಯಿತು ಎಂದು ಕೇಳಿದಳು. ಗೆರೆ ಸ್ವಲ್ಪ ಎದ್ದಿತು. ಮಗಳ ಓದು, ಹೆಂಡತಿಯ ಜೊತೆ ಜಗಳ, ಮನೆಯ ಮೇಲಂತಸ್ತು. ಅಲ್ಲೇನೂ ಇಲ್ಲ. ಕಂಪನಿಯ ಬಗ್ಗೆ ಕೇಳಿದಾಗ ಗೆರೆ ಮತ್ತೆ ಎದ್ದಿತು. ಅವಳು ಒಂದು ಕ್ಷಣ ಅನುಮಾನಿಸಿ, ಅಪಘಾತದ ಕಡತವನ್ನು ಹತ್ತಿರಕ್ಕೆಳೆದುಕೊಂಡಳು.

“ಅವತ್ತು ಬಿರುಗಾಳಿ ಎಚ್ಚರಿಕೆ ಬಂದದ್ದು ಎಷ್ಟಕ್ಕ?”

“ಮೂರು ಒಂಬತ್ತಕ್ಕ.”

“ನೀವು ದಾವಲಸಾಬಗ ಕರದದ್ದು ಎಷ್ಟಕ್ಕ?”

ಗೆರೆ ಪರದೆಯ ಮೇಲಂಚಿಗೆ ಹೋಗಿ ಅಲ್ಲಿಯೇ ನಿಂತಿತು.

ಅಂದಾನೆಪ್ಪ ಕಡತದ ಕಡೆ ನೋಡಿದ. “ರಿಕಾರ್ಡಿನಾಗ ಮೂರು ಹತ್ತು ಅಂತ ಐತ್ರಿ.”

“ರಿಕಾರ್ಡ ಕೇಳ್ಲಿಲ್ಲ. ನೀವು ಎಷ್ಟಕ್ಕ ಕರದ್ರಿ?”

ಹನ್ನೊಂದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ವಿಚಾರಣೆಗೆ ಬಂದವರು ಯಂತ್ರದಿಂದ ತೆಗೆದ ಕಾಗದ ಓದಿಕೊಂಡಿದ್ದರು. ಅವನ ಸರದಿ ಬಂದಾಗ ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀರಿ, ಅವತ್ತು ಆರೋಗ್ಯ ಸರಿ ಇತ್ತೇ ಎಂದಷ್ಟೇ ಕೇಳಿ ಸಹಿ ಮಾಡಿಸಿಕೊಂಡು ಕಳಿಸಿದ್ದರು.

“ಮೂರು ಹದಿನೇಳಕ್ಕ,” ಎಂದ ಅಂದಾನೆಪ್ಪ.

ಆಮೇಲೆ ಅವನು ನಿಲ್ಲಿಸದೆ ಹೇಳಿದ. ವೈರ್‌ಲೆಸ್ಸಿನ ಮಾತುಗಳನ್ನು ಮುದ್ರಿಸಿಡುವ ಯಂತ್ರಕ್ಕೆ ಅದರದೇ ಗಡಿಯಾರ ಇತ್ತು, ಎಚ್ಚರಿಕೆ ಮತ್ತು ಗಾಳಿಯ ಹೊತ್ತನ್ನು ಬರೆಯುವ ಗಡಿಯಾರಕ್ಕಿಂತ ಅದು ಏಳು ನಿಮಿಷ ಹಿಂದೆ ಓಡುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಅವತ್ತು ಬೆಳಗಿನಿಂದ ಮೂರು ಎಚ್ಚರಿಕೆ ಬಂದು ಮೂರೂ ಸುಳ್ಳಾಗಿದ್ದವು. ಮೂರು ಸಲ ಇಳಿಸಿ ಮೂರು ಸಲ ಹತ್ತಿಸಿದ್ದಕ್ಕೆ ಕೆಲಸಗಾರರು ಬೈದುಕೊಂಡಿದ್ದರು. ನಾಲ್ಕನೆಯದು ಬಂದಾಗ ಒಂದೆರಡು ನಿಮಿಷ ನೋಡೋಣ ಎಂದುಕೊಂಡ. ಎಂಟು ನಿಮಿಷ ನೋಡಿದ. ಪರದೆಯ ಮೇಲೆ ಗಾಳಿಯ ವೇಗ ಏರುವುದು ಕಂಡಾಗ ಕರೆದ. ದಾವಲಸಾಬ ಆ ಕ್ಷಣವೇ ಇಳೀತೀನ್ರಿ ಎಂದ. ಇಳಿಯಲು ಅವನಿಗೆ ಇದ್ದದ್ದು ಎರಡು ನಿಮಿಷ, ಬೇಕಾದದ್ದು ಆರು.

ಬೂದು ಗೆರೆ ಮೆಲ್ಲಗೆ ಇಳಿಯುತ್ತ ಬಂದು ನಡುಮಧ್ಯದಲ್ಲಿ ನಿಂತಿತು. ಅಂದಾನೆಪ್ಪ ಅದನ್ನೇ ನೋಡುತ್ತ ಕೂತ.

ಪ್ರಮೋದಿನಿ ಕಡತ ಮುಚ್ಚಿದಳು. “ಇಲ್ಲಿ ಹೇಳಿದ್ದು ಇಲ್ಲೇ ಇರ್ತದ. ಕಂಪನಿಗೂ ನಾ ಕೊಡೂದಿಲ್ಲ, ಹಂಗ ಬರಕೊಟ್ಟೀನಿ. ಇನ್ನೊಂದ ಮಾತು. ಈಗ ಗುರುತು ಏನಂತ ಗೊತ್ತಾತಲ್ಲ, ಇದನ್ನ ಮಂದ ಮಾಡಬಹುದು. ಸಣ್ಣ ಸಣ್ಣ ವಿದ್ಯುತ್ ಸ್ಪಂದನ ಕೊಡ್ತೀವಿ. ಎಂಟ ಸಲ ಕೂತರ ಸಾಕು. ದಿನಕ್ಕ ಹತ್ತು ನಿಮಿಷಕ್ಕ ಇಳೀತದ.”

“ನಡದದ್ದು ಮರತಹೋಗ್ತೈತೇನ್ರಿ?”

“ಮರೆಯೂದಿಲ್ಲ. ಕಾಡೂದಿಲ್ಲ, ಅಷ್ಟ.”

ಅವನು ಬರುವ ಬುಧವಾರಕ್ಕೆ ಮೊದಲ ಸರದಿ ಬರೆಸಿ ಎದ್ದ. ಬಾಗಿಲ ಹತ್ತಿರ ನಿಂತು, “ನಿಮ್ಮ ಲೆಕ್ಕದಾಗ ಏನ ಬಂತ್ರಿ ಮೇಡಂ?” ಎಂದು ಕೇಳಿದ.

ಪ್ರಮೋದಿನಿ ಪರದೆ ಆರಿಸುತ್ತಿದ್ದಳು. “ನಾ ಇನ್ನೂ ಹಾಕ್ಕೊಂಡಿಲ್ಲ,” ಎಂದಳು.

*

ಕಸ್ತೂರಿಗೆ ಅವನು ಹಿತ್ತಲಲ್ಲಿ ನಿಂತುಕೊಂಡೇ ಹೇಳಿದ. ಅವಳು ಒಣಹಾಕಿದ್ದ ಬಟ್ಟೆಗಳನ್ನು ಮಡಚುತ್ತಿದ್ದಳು. ಎಂಟು ಸಲ ಕೂತರೆ ಹೋಗುತ್ತದಂತೆ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

“ಆ ದಾವಲಸಾಬಗೂ ಎಂಟು ಸಲ ಕುಂಡರಸ್ತಾರೇನು?”

ಅಂದಾನೆಪ್ಪ ಅವಳ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ತಾನೇ ಮಡಚಿದ. ಐದು ದಿನ ಅವನು ಕೆಲಸಕ್ಕೆ ಹೋಗಿ ಬಂದ. ಪರದೆಯ ಮೇಲೆ ಎಂಬತ್ತೇಳನೆಯ ಯಂತ್ರ ತಣ್ಣಗೆ ತಿರುಗುತ್ತಿತ್ತು. ಎಚ್ಚರಿಕೆ ಬಂದ ಕೂಡಲೇ ಕರೆಯುವುದು ಈಗ ಅವನಿಗೆ ರೂಢಿಯಾಗಿತ್ತು; ಹನ್ನೊಂದು ವರ್ಷದಿಂದ ಒಂದು ನಿಮಿಷವನ್ನೂ ಅವನು ತಡ ಮಾಡಿರಲಿಲ್ಲ. ಅದನ್ನೇ ಪ್ರಾಯಶ್ಚಿತ್ತವೆಂದು ತಾನು ಒಳಗೊಳಗೇ ಲೆಕ್ಕ ಹಿಡಿದಿದ್ದೇನೆ ಎಂಬುದೂ ಈಗ ಅವನಿಗೆ ಕಾಣತೊಡಗಿತು. ಕಂಡಷ್ಟೂ ಅಸಹ್ಯವಾಗುತ್ತಿತ್ತು. ಹೆಸರು ಸಿಕ್ಕರೆ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದ. ಹೆಸರು ಸಿಕ್ಕಿತ್ತು, ನಿದ್ದೆ ಹೋಗಿತ್ತು.

ಬುಧವಾರ ಬೆಳಿಗ್ಗೆ ಗದಗ ನಿಲ್ದಾಣದಲ್ಲಿ ಧಾರವಾಡದ ಬಸ್ಸು ನಿಂತಿತ್ತು. ಅವನು ಅದರ ಪಕ್ಕದಲ್ಲಿ ಹಾದು ಮುಂಡರಗಿಯ ಬಸ್ಸು ಹತ್ತಿದ.

ದಾವಲಸಾಬ ಮುಂಡರಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಒಂದೇ ಕೋಣೆ, ಅದರ ತುಂಬ ಯಂತ್ರದ ಅಬ್ಬರ. ಕೃತಕ ಕಾಲನ್ನು ಚಾಚಿ ಎತ್ತರದ ಕುರ್ಚಿಯ ಮೇಲೆ ಕೂತಿದ್ದ. ಹುಬ್ಬು, ಮೀಸೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅಂದಾನೆಪ್ಪನ ಮುಖ ಅವನಿಗೆ ಗುರುತು ಸಿಗಲಿಲ್ಲ. ಕಂಪನಿಯ ಹೆಸರು ಹೇಳಿದ ಮೇಲೆ, “ಓ, ವೈರ್‌ಲೆಸ್ ಸಾಹೇಬ್ರು,” ಎಂದು ಕೂರಲು ಒಂದು ಡಬ್ಬಿ ತೋರಿಸಿದ. ಗಿರಾಕಿಗಳು ಹೋಗುವವರೆಗೆ ಅಂದಾನೆಪ್ಪ ಆ ಡಬ್ಬಿಯ ಮೇಲೆ ಕೂತಿದ್ದ.

“ನಾ ಒಂದು ಮಾತು ಹೇಳಾಕ ಬಂದೀನಿ,” ಎಂದ. ಯಂತ್ರದ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು. “ಅವತ್ತ ನಾ ನಿಮ್ಮನ್ನ ಕರದದ್ದು ಮೂರು ಹತ್ತಕ್ಕಲ್ಲ. ಮೂರು ಹದಿನೇಳಕ್ಕ. ಆ ಗಡಿಯಾರ ಹಿಂದಿತ್ತು.”

ದಾವಲಸಾಬ ಕೈ ಚಾಚಿ ಯಂತ್ರದ ಗುಂಡಿ ಒತ್ತಿದ. ಪಟ್ಟಾ ತಿರುಗಿ ತಿರುಗಿ ನಿಂತಿತು.

“ಮತ್ತೊಮ್ಮೆ ಹೇಳ್ರಿ.”

ಅಂದಾನೆಪ್ಪ ಮತ್ತೆ ಹೇಳಿದ. ಎಚ್ಚರಿಕೆ ಬಂದದ್ದು, ತಾನು ಕಾದದ್ದು, ಕರೆದದ್ದು, ಗಾಳಿ ಎದ್ದದ್ದು. “ನಾ ಕರದ ಕೂಡ್ಲೆ ಇಳೀತೀನ್ರಿ ಅಂದ್ರಿ ನೀವು. ಇಳಿಯಾಕತ್ತಿದ್ರಿ. ನಿಮಗ ಎರಡ ನಿಮಿಷ ಇತ್ತು.”

ದಾವಲಸಾಬ ಮೀಸೆಯ ಮೇಲಿನ ಹಿಟ್ಟನ್ನು ಹೆಗಲಿನ ಟವೆಲ್ಲಿನಿಂದ ಒರೆಸಿಕೊಂಡ.

“ನನಗ ತಲೀಗೆ ಪೆಟ್ಟ ಬಿದ್ದು ಎಂಟು ದಿನ ಎಚ್ಚರ ಇರಲಿಲ್ಲ,” ಎಂದ ಕೊನೆಗೆ. “ಮಧ್ಯಾಹ್ನ ಊಟ ಮಾಡಿದ್ದು ನೆನಪೈತಿ. ಅಲ್ಲಿಂದ ಮುಂದ ಏನೂ ಇಲ್ಲ. ಎಚ್ಚರಾದ ಮ್ಯಾಲೆ ಹೇಳಿದ್ರು, ಇಳೀತೀನಿ ಅಂದಿ, ಇಳೀಲಿಲ್ಲ, ಒಂಬತ್ತ ನಿಮಿಷ ಅಲ್ಲೇ ಜೋತಾಡಿಕೋತ ಇದ್ದಿ ಅಂತ. ಆ ಒಂಬತ್ತ ನಿಮಿಷ ನಾ ಏನ ಮಾಡಾಕತ್ತಿದ್ದೆ, ಸಾಹೇಬ್ರ? ಹನ್ನೊಂದ ವರ್ಷ ಅದನ್ನ ಹುಡಿಕೀನಿ. ನಿದ್ದಿ ಹತ್ತಿತ್ತೇನು? ಸಾಯಬೇಕಂತ ಇತ್ತೇನು? ಮನ್ಯಾಗ ಅವಾಗ ಒಂದೀಟು ತ್ರಾಸ ಇತ್ತು. ಹಂಗಾದ್ರೂ ಇರಬಹುದು ಅಂತ ನನಗ ನಾನ ಅನಕೊಂಡೆ. ಒಂದ ಸಲ ಹಂಗ ಮಾಡಿದಾಂವ ಮತ್ತೊಮ್ಮೆ ಮಾಡೂದಿಲ್ಲಂತ ಏನ ಗ್ಯಾರಂಟಿ? ಮಗಳು ಸಣ್ಣಾಕಿ ಇದ್ದಾಗ ಎತ್ತಿಕೊಂಡು ಮಾಳಗಿ ಮ್ಯಾಲೆ ಹೋಗಲಿಲ್ಲ. ಬಾವಿ ಹತ್ರ ಒಬ್ಬನ ಹೋಗಲಿಲ್ಲ.”

“ಆ ಒಂಬತ್ತ ನಿಮಿಷ ಇರಲೇ ಇಲ್ಲ,” ಎಂದ ಅಂದಾನೆಪ್ಪ.

“ಈಗ ಹೇಳ್ತೀರಿ.”

ಇದಕ್ಕೆ ಹೇಳಬಹುದಾದ ಮಾತುಗಳು ಅಂದಾನೆಪ್ಪನಲ್ಲಿ ಬೇಕಾದಷ್ಟಿದ್ದವು. ಮೂರು ಸುಳ್ಳು ಎಚ್ಚರಿಕೆ, ಕೆಲಸಗಾರರ ಬೈಗುಳ, ಆಗ ಮಗಳು ಚಿಕ್ಕವಳು, ಯಾರೂ ಕೇಳಲಿಲ್ಲ. ಹನ್ನೊಂದು ವರ್ಷ ತಿದ್ದಿ ತಿದ್ದಿ ನುಣುಪಾಗಿದ್ದ ಆ ಮಾತುಗಳಲ್ಲಿ ಒಂದೂ ಈ ಕೋಣೆಯಲ್ಲಿ ಹೊರಬರುವ ಹಾಗಿರಲಿಲ್ಲ.

“ಹೌದು. ಈಗ ಹೇಳಾಕತ್ತೀನಿ,” ಎಂದ.

ದಾವಲಸಾಬ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಹಳೆಯ ನೋಟುಪುಸ್ತಕ ತೆಗೆದು ಅವನ ಮುಂದಿಟ್ಟ. “ಬರದ ಕೊಡ್ರಿ. ಹೊತ್ತು, ತಾರೀಖು, ಎಲ್ಲಾ. ಸಹಿ ಮಾಡ್ರಿ. ನನ್ನ ಮಗಳು ಈಗ ಕಾಲೇಜಿಗೆ ಹೋಗ್ತಾಳ. ಆಕಿ ಓದಬೇಕು.”

ಅಂದಾನೆಪ್ಪ ಬರೆದ. ಬರೆದು ಮುಗಿಸಿ ಎದ್ದಾಗ ದಾವಲಸಾಬ ಅವನ ಕಡೆ ನೋಡಲಿಲ್ಲ, ಹೋಗಿಬನ್ನಿ ಎನ್ನಲೂ ಇಲ್ಲ. ಬೀದಿಯ ತಿರುವಿನವರೆಗೂ ಗಿರಣಿಯ ಸದ್ದು ಮತ್ತೆ ಶುರುವಾಗಲಿಲ್ಲ.

*

ಅದೇ ವಾರ ಅಂದಾನೆಪ್ಪ ಕಂಪನಿಗೂ ಬರೆದುಕೊಟ್ಟ. ವ್ಯವಸ್ಥಾಪಕರು ಮೊದಲು ನಂಬಲಿಲ್ಲ. ಆಮೇಲೆ ಕಾಗದ ಹಿಂತೆಗೆದುಕೊಳ್ಳುವಂತೆ ಹೇಳಿದರು. ಕಿವಿಪಟ್ಟಿಯಿಂದ ತಲೆ ಕೆಟ್ಟಿದೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಪುರಾವೆ ಏನಿದೆ ಎಂದು ಕೇಳಿದಾಗ ಅವನು ಹೇಳಿದ: ಅವತ್ತಿನ ಧ್ವನಿಮುದ್ರಿಕೆ ಉಗ್ರಾಣದಲ್ಲಿದೆ, ಒಂದು ಗಂಟೆಗೆ ಊದುವ ಊಟದ ಸೈರನ್ನು ಅದರಲ್ಲಿ ಎಷ್ಟು ಹೊತ್ತಿಗೆ ಕೇಳಿಸುತ್ತದೆ ನೋಡಿ. ಹುಡುಕಿ ತಂದು ಹಾಕಿ ಕೇಳಿದರು. ಸೈರನ್ನು ಹನ್ನೆರಡು ಐವತ್ತಮೂರಕ್ಕೆ ಊದಿತು. ಕೋಣೆಯಲ್ಲಿದ್ದ ಆರು ಜನ ಒಬ್ಬರ ಮುಖ ಒಬ್ಬರು ನೋಡಿದರು.

ವಿಚಾರಣೆ ಮತ್ತೆ ನಡೆಯಿತು. ಅಂದಾನೆಪ್ಪನನ್ನು ನಾಲ್ಕು ತಿಂಗಳು ಅಮಾನತಿನಲ್ಲಿಟ್ಟರು. ಅವನು ಎದುರಿಗೆ ಬಂದರೆ ಜಂಬಣ್ಣ ದಾರಿ ಬದಲಿಸತೊಡಗಿದ. ಬೆಳಗಾವಿಯಿಂದ ಬಂದ ಮಗಳು ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ, ಮೂರನೆಯ ದಿನ, “ಅವರ ಕಾಲು ಈಗ ಹೆಂಗೈತಿ? ಕೃತಕ ಕಾಲು ಯಾವ ಊರಾಗ ಹಾಕಿಸ್ಯಾರ?” ಎಂದು ಕೇಳಿದಳು. ಹಳೆಯ ವರದಿಯಲ್ಲಿ ದಾವಲಸಾಬನ ಹೆಸರಿನ ಮುಂದಿದ್ದ ‘ಆದೇಶ ಉಲ್ಲಂಘನೆ’ ಎಂಬ ಮಾತನ್ನು ತೆಗೆದುಹಾಕಿ ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲು ಆದೇಶವಾಯಿತು. ದಾವಲಸಾಬನಿಂದ ಪತ್ರವಾಗಲಿ ಫೋನಾಗಲಿ ಬರಲಿಲ್ಲ. ಅವನು ಕ್ಷಮಿಸಿದನೋ ಇಲ್ಲವೋ ಅಂದಾನೆಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮುಂಡರಗಿಯ ಕಡೆಯವರೊಬ್ಬರು ಮಾತಿನ ನಡುವೆ ಹೇಳಿದ್ದಿಷ್ಟು: ನದಾಫರ ದಾವಲಸಾಬ ಈಗ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಾನೆ.

ಮನೋಲೇಖಿಯನ್ನು ಹಿಂದಿರುಗಿಸಲು ಧಾರವಾಡಕ್ಕೆ ಹೋದಾಗ ಪ್ರಮೋದಿನಿ ಕೊನೆಯ ಲೆಕ್ಕ ತೆಗೆದು ತೋರಿಸಿದಳು. ಬೂದು ಕಂಬ ಹದಿನಾಲ್ಕು ನಿಮಿಷಕ್ಕೆ ಇಳಿದಿತ್ತು. ಸ್ಪಂದನ ಕೊಡದೆ ಇಷ್ಟು ಇಳಿದದ್ದನ್ನು ಅವಳು ಬೇರೆ ಯಾರಲ್ಲೂ ಕಂಡಿರಲಿಲ್ಲ. ಆದರೆ ಆ ಹೊತ್ತನ್ನು ಬೇರೆ ಯಾವ ಹೆಸರೂ ತುಂಬಿಕೊಂಡಿರಲಿಲ್ಲ. ಅಲ್ಲಿ ಬರೀ ಬಿಳಿ ಜಾಗ.

“ಅದ ತ್ರಾಸ ಆಗೈತ್ರಿ,” ಎಂದ ಅಂದಾನೆಪ್ಪ. “ಮೊದಲ ತಲಿ ತುಂಬಿರ್ತಿತ್ತು. ಈಗ ಮುಂಜಾನೆ ಎದ್ರ ನಾಕ ತಾಸು ಖಾಲಿ ಕುಂತಿರ್ತಾವು ಎದುರಿಗೆ. ಏನ ಮಾಡಬೇಕಂತ ತಿಳಿಯೂದಿಲ್ಲ.”

“ಅದನ್ನ ಯಂತ್ರ ಹೇಳೂದಿಲ್ಲ,” ಎಂದಳು ಪ್ರಮೋದಿನಿ. ಅವನು ಮೇಜಿನ ಮೇಲಿಟ್ಟ ಪಟ್ಟಿಯನ್ನು ಅವಳು ಪೆಟ್ಟಿಗೆಗೆ ಹಾಕಲಿಲ್ಲ. ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು, ತನ್ನ ಕಿವಿಗಳ ಹಿಂದೆ ಅಂಟಿಸಿಕೊಂಡಳು.

*

ಅಮಾನತು ಮುಗಿದ ಮೇಲೆ ನಿಯಂತ್ರಣ ಕೊಠಡಿಯ ಕುರ್ಚಿ ಅಂದಾನೆಪ್ಪನಿಗೆ ಸಿಗಲಿಲ್ಲ. ಎರಡು ದರ್ಜೆ ಇಳಿಸಿ ಉಗ್ರಾಣದ ಕೆಲಸ ಕೊಟ್ಟರು. ಅವನು ಒಪ್ಪಲಿಲ್ಲ; ಕಂಬದ ಬುಡದಲ್ಲಿ ನಿಲ್ಲುವ ಕಾವಲಿನ ಕೆಲಸ ಕೊಡಿ ಎಂದು ಕೇಳಿದ. ಎರಡನೆಯ ವಿಚಾರಣೆಯ ನಂತರ ಹೊಸದಾಗಿ ಹುಟ್ಟಿದ ಹುದ್ದೆ ಅದು. ಮೇಲೆ ಜನ ಇರುವವರೆಗೂ ಕೆಳಗೆ ಒಬ್ಬ ವೈರ್‌ಲೆಸ್ ಹಿಡಿದು ನಿಂತಿರಬೇಕು, ಕೊಠಡಿಯವರು ಹೇಳಲಿ ಬಿಡಲಿ, ಅವನಿಗೆ ಇಳಿಸಬೇಕೆನಿಸಿದರೆ ಇಳಿಸಬಹುದು. ಬಿಸಿಲಿನಲ್ಲಿ ದಿನವಿಡೀ ಕತ್ತೆತ್ತಿ ನಿಲ್ಲುವ ಆ ಕೆಲಸಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ. ಅವನೇ ಅದನ್ನು ಕೇಳಿದ್ದಕ್ಕೆ ಮೇಲ್ವಿಚಾರಕರು ಬಹಳ ದಿನ ಯೋಚಿಸಿದರು, ಆಮೇಲೆ ಕೊಟ್ಟರು.

ಮೂರನೆಯ ದಿನ ನೂರಾ ನಾಲ್ಕನೆಯ ಕಂಬದ ಮೇಲೆ ಇಬ್ಬರು ಹತ್ತಿದ್ದರು, ಸಂಗನಬಸು ಎಂಬ ಹಿರಿಯ ಕೆಲಸಗಾರ ಮತ್ತು ಅವನ ಜೊತೆಗಾರ. ಮಧ್ಯಾಹ್ನ ಎರಡರ ಹೊತ್ತಿಗೆ ಗುಡ್ಡದ ಆಚೆ ಬದಿ ಧೂಳಿನ ಬಣ್ಣ ಬದಲಾದಂತೆ ಅಂದಾನೆಪ್ಪನಿಗೆ ಕಂಡಿತು. ಕೊಠಡಿಗೆ ಕೇಳಿದ. ಎಚ್ಚರಿಕೆ ಏನೂ ಇಲ್ಲ, ಎಲ್ಲ ಸರಿ ಇದೆ ಎಂದು ಉತ್ತರ ಬಂತು. ಅವನು ವೈರ್‌ಲೆಸ್ಸಿನ ಗುಂಡಿ ಒತ್ತಿದ.

“ಸಂಗನಬಸು, ಇಳೀರಿ.”

“ಇನ್ನ ಹತ್ತ ನಿಮಿಷ ಕೆಲಸ ಐತ್ರಿ.”

“ಇಳೀರಿ. ಈಗ.”

ಅವರು ಇಳಿದರು. ಹೆಲ್ಮೆಟ್ಟು ತೆಗೆದು, ಹಗ್ಗ ಬಿಚ್ಚಿ, ಕಂಬದ ನೆರಳಿನಲ್ಲಿ ಕೂತರು. ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಧೂಳು ಆಚೆ ಕಡೆಯೇ ಎದ್ದು ಆಚೆ ಕಡೆಯೇ ಬಿತ್ತು. ಗಾಳಿ ಬರಲಿಲ್ಲ. ಸಂಗನಬಸು ಅವನ ಹತ್ತಿರ ಬಂದು ನಿಂತ. ಬೆವರು ಅವನ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

“ಗಾಳಿ ಬರ್ಲೇ ಇಲ್ಲಲ್ರಿ.”

“ಬರಲಿಲ್ಲ,” ಎಂದ ಅಂದಾನೆಪ್ಪ.

ಸಂಗನಬಸು ಮುಂದಿನ ಮಾತಿಗೆ ಕಾದ. ಅಂದಾನೆಪ್ಪ ಮತ್ತೇನೂ ಹೇಳದೆ ನೀರಿನ ಬಾಟಲಿ ಮುಂದೆ ಚಾಚಿದ. ಸಂಗನಬಸು ಅರ್ಧ ಕುಡಿದು, ಉಳಿದದ್ದನ್ನು ಮುಖಕ್ಕೆ ಹಾಕಿಕೊಂಡ.

“ನಾಳೆ ಕೆಳಗ ಯಾರ ಇರ್ತಾರ್ರಿ?”

“ನಾಳೇನೂ ನಾನ,” ಎಂದ ಅಂದಾನೆಪ್ಪ, ಮತ್ತೆ ಗುಡ್ಡದ ಕಡೆ ನೋಡುತ್ತ.